ಡವಡವ ಎನ್ನುವ ಎದೆ, ಸದ್ದಿಲ್ಲದೆ ಕಟ್ಟುವ ಹೆಪ್ಪು

ಪ್ರಶ್ನೆ: ನನಗೆ 46 ವರ್ಷ. ಚಿಕ್ಕವಳಿದ್ದಾಗ ಗಂಟಲು ನೋವು, ಜ್ವರ ಬಂದು ಆಮೇಲೆ ಕೀಲುಗಳೆಲ್ಲ ಊದಿಕೊಂಡಿದ್ದವಂತೆ. ಮೂವತ್ತು ದಾಟಿದ ಮೇಲೆ ಮೈಟ್ರಲ್ ವಾಲ್ವ್ ಕಿರಿದಾಗಿದೆ ಎಂದರು. ಹೋದ ವರ್ಷ ಎಕೋದಲ್ಲಿ ವಾಲ್ವ್ 1.4 ಚದರ ಸೆಂ.ಮೀ. ಎಂದೂ ಇಸಿಜಿಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಂದೂ ಬಂತು. ವಾರ್ಫರಿನ್, ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದೇನೆ. ರಾತ್ರಿ ಮಲಗಿದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ. ನಿದ್ದೆಯಲ್ಲೇ ನಿಂತುಹೋದರೆ ಎಂಬ ಭಯ. ಎರಡು ಮಹಡಿ ಹತ್ತಿದರೆ ಏದುಸಿರು. ಪದೇ ಪದೇ ರಕ್ತ ಪರೀಕ್ಷೆ ಬೇಕಿಲ್ಲದ ಹೊಸ ಮಾತ್ರೆ ಇದೆಯಂತೆ, ಅದಕ್ಕೆ ಬದಲಾಯಿಸಬಹುದೇ? ಆಪರೇಷನ್ ಈಗಲೇ ಬೇಕೇ? ರಾತ್ರಿ ಏನಾದರೂ ಆದರೆ ನಮ್ಮ ಮನೆಯವರು ಏನು ಮಾಡಬೇಕು?

ಉತ್ತರ: ಮೊದಲು ರಾತ್ರಿಯ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ, ಅದು ಇದ್ದರೆ ಉಳಿದದ್ದು ತಲೆಗೆ ಹೋಗುವುದಿಲ್ಲ. ನಿಮಗಿರುವ ತಾಳದ ತೊಂದರೆ ಹೃದಯದ ಮೇಲಿನ ಕೋಣೆಗಳದ್ದು. ರಕ್ತವನ್ನು ಮೈಗೆಲ್ಲ ತಳ್ಳುವ ಕೆಲಸ ಕೆಳಗಿನ ಕೋಣೆಗಳದ್ದು. ಮೇಲಿನವು ತಾಳ ತಪ್ಪಿ ಅದುರುತ್ತಿದ್ದರೂ ಕೆಳಗಿನವು ತಮ್ಮ ಪಾಡಿಗೆ ಹಿಂಡುತ್ತಲೇ ಇರುತ್ತವೆ. ಆದ್ದರಿಂದ ಈ ಡವಡವದಿಂದಲೇ ಹೃದಯ ಥಟ್ಟನೆ ನಿಂತುಹೋಗುವುದು ತೀರಾ ಅಪರೂಪ.

ಹಾಗಾದರೆ ರಾತ್ರಿಯೇ ಯಾಕೆ ಜಾಸ್ತಿ? ಹಗಲೂ ಅಷ್ಟೇ ಇರುತ್ತದೆ, ಆದರೆ ಕೆಲಸದ ಗದ್ದಲದಲ್ಲಿ ಗಮನಕ್ಕೆ ಬರುವುದಿಲ್ಲ. ಎಡಗಡೆ ಮಗ್ಗುಲಾದರೆ ಹೃದಯದ ತುದಿ ಪಕ್ಕೆಲುಬಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಕಿವಿ ದಿಂಬಿಗೆ ಒತ್ತಿಕೊಂಡಿರುತ್ತದೆ, ಕೋಣೆ ನಿಶ್ಶಬ್ದ. ಒಂದೊಂದು ಬಡಿತವೂ ಕೇಳಿಸುತ್ತದೆ. ಬಲಕ್ಕೆ ತಿರುಗಿ ಮಲಗಿ ನೋಡಿ, ಅರ್ಧಕ್ಕರ್ಧ ಕಡಿಮೆಯಾಗುತ್ತದೆ ಎನ್ನುವವರು ಬಹಳ ಜನ. ಆದರೆ ಮಲಗಿದಾಗ ಉಸಿರೇ ಕಟ್ಟಿದಂತಾಗಿ, ಎದ್ದು ಕೂತರೆ ಸರಿಹೋಗುತ್ತದೆ ಎಂದಾದರೆ ಅದು ಬೇರೆಯೇ ವಿಷಯ. ಅದು ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿರುವ ಲಕ್ಷಣ. ಎರಡು ದಿಂಬು ಮೂರಾದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ, ಕಾಲು ಊದಿದರೆ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ.

ನನ್ನ ಬಳಿ ಬರುವವರಿಗೆಲ್ಲ ನಾನು ಹೇಳುವುದು ಒಂದೇ. ಈ ಕಾಯಿಲೆಯಲ್ಲಿ ನಿಮಗೆ ಕೇಳಿಸುವುದಕ್ಕೂ ನಿಜವಾದ ಅಪಾಯಕ್ಕೂ ತಾಳೆಯಾಗುವುದಿಲ್ಲ. ಎದೆ ಹೊಡೆದುಕೊಳ್ಳುವುದು ನಿಮ್ಮನ್ನು ಎಬ್ಬಿಸಿ ಕೂರಿಸುತ್ತದೆ. ಹೆಪ್ಪು ಕಟ್ಟುವುದು ಸದ್ದಿಲ್ಲದೆ ಆಗುತ್ತದೆ. ವಾಲ್ವ್ ಕಿರಿದಾಗುವುದಂತೂ ಇಪ್ಪತ್ತು ಮೂವತ್ತು ವರ್ಷ ತೆಗೆದುಕೊಂಡು, ಹೇಳದೆ ಕೇಳದೆ ಆಗುತ್ತದೆ. ನಿಮ್ಮ ಇಡೀ ಪತ್ರದಲ್ಲಿ ಡವಡವದ ಬಗ್ಗೆ ಇರುವಷ್ಟು ಚಿಂತೆ ಹೆಪ್ಪಿನ ಬಗ್ಗೆ ಇಲ್ಲ, ಅಲ್ವಾ? ಅದನ್ನು ಸ್ವಲ್ಪ ತಿರುಗಿಸಿಕೊಳ್ಳಬೇಕು.

ಆಗಿರುವುದೇನು ಎಂದು ನೋಡೋಣ. ಆ ಗಂಟಲು ನೋವು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದದ್ದು. ಅದರ ವಿರುದ್ಧ ಎದ್ದ ದೇಹದ ಸೈನ್ಯ ಗುರಿ ತಪ್ಪಿ ಕೀಲುಗಳನ್ನೂ ಹೃದಯವನ್ನೂ ಹೊಡೆಯಿತು. ಕೀಲು ವಾಸಿಯಾಯಿತು, ವಾಲ್ವ್ ಆಗಲಿಲ್ಲ. ರುಮ್ಯಾಟಿಕ್ ಜ್ವರ ಎನ್ನುವುದು ಇದಕ್ಕೇ. ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಮೈಟ್ರಲ್ ವಾಲ್ವ್ ಎರಡು ರೆಕ್ಕೆಯ ಬಾಗಿಲು. ಆರೋಗ್ಯವಾಗಿದ್ದರೆ 4ರಿಂದ 6 ಚದರ ಸೆಂ.ಮೀ.ನಷ್ಟು ತೆರೆಯುತ್ತದೆ. ನಿಮ್ಮದರಲ್ಲಿ ರೆಕ್ಕೆಗಳ ಅಂಚು ಅಂಟಿಕೊಂಡು 1.4ಕ್ಕೆ ಬಂದಿದೆ. 1.5 ಅಥವಾ ಅದಕ್ಕಿಂತ ಕಡಿಮೆಯಾದರೆ ನಾವು ತೀವ್ರ ಎಂದೇ ಕರೆಯುತ್ತೇವೆ. ಬಾಗಿಲು ಕಿರಿದಾದಾಗ ಮೇಲಿನ ಕೋಣೆಯಲ್ಲಿ ರಕ್ತ ನಿಲ್ಲುತ್ತದೆ, ಒತ್ತಡ ಏರುತ್ತದೆ, ಕೋಣೆ ಬಲೂನಿನಂತೆ ಹಿಗ್ಗುತ್ತದೆ. ಹಿಗ್ಗಿದ ಗೋಡೆಯಲ್ಲಿ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಕೊನೆಗೆ ನಿಮಿಷಕ್ಕೆ 350ಕ್ಕೂ ಹೆಚ್ಚು ಸಲ ಅಡ್ಡಾದಿಡ್ಡಿ ಅದುರಲು ಶುರುವಾಗುತ್ತದೆ. ಅದೇ ಏಟ್ರಿಯಲ್ ಫಿಬ್ರಿಲೇಷನ್, ಚಿಕ್ಕದಾಗಿ ಎಎಫ್. ಅಂದರೆ ನಿಮಗೆ ಎರಡು ಕಾಯಿಲೆ ಬಂದಿಲ್ಲ. ವಾಲ್ವ್ ಕೊಟ್ಟ ಸುದ್ದಿಯೇ ತಾಳದ ತೊಂದರೆ.

ಪುಣ್ಯಕ್ಕೆ ಮೇಲಿನ, ಕೆಳಗಿನ ಕೋಣೆಗಳ ನಡುವೆ ವಿದ್ಯುತ್ತನ್ನು ತಡೆದು ಬಿಡುವ ಒಂದು ಗೇಟ್ ಇದೆ. ಅದು ಎಲ್ಲವನ್ನೂ ಕೆಳಗೆ ಬಿಡುವುದಿಲ್ಲ. ಮೆಟೊಪ್ರೊಲಾಲ್ ಆ ಗೇಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ‘ತಾಳ ಸರಿಹೋಗಿಲ್ಲ, ಮತ್ತೆ ಈ ಮಾತ್ರೆ ಯಾಕೆ?’ ಎಂದು ತುಂಬಾ ಜನ ಕೇಳುತ್ತಾರೆ. ಅದು ಇರುವುದು ವೇಗ ಇಳಿಸಲಿಕ್ಕೆ, ತಾಳ ಸರಿಮಾಡಲಿಕ್ಕಲ್ಲ. ನಿಮ್ಮ ವಾಲ್ವಿಗೆ ವೇಗ ಎಷ್ಟು ಮುಖ್ಯ ಎಂದು ಒಂದು ಲೆಕ್ಕ ಮಾಡಿ ನೋಡೋಣ.

ಬಡಿತ ನಿಮಿಷಕ್ಕೆ 60 ಇದ್ದರೆ ಒಂದೊಂದಕ್ಕೆ ಒಂದು ಸೆಕೆಂಡ್. ಅದರಲ್ಲಿ ಹಿಂಡಲು ಸುಮಾರು 0.3 ಸೆಕೆಂಡ್, ತುಂಬಿಕೊಳ್ಳಲು 0.7. ಅಂದರೆ ನಿಮಿಷದಲ್ಲಿ 42 ಸೆಕೆಂಡ್ ಬಾಗಿಲು ತೆರೆದಿರುತ್ತದೆ. ಬಡಿತ 120ಕ್ಕೆ ಏರಿದರೆ ಒಂದೊಂದಕ್ಕೆ ಸಿಗುವುದು ಅರ್ಧ ಸೆಕೆಂಡ್. ಹಿಂಡುವ ಸಮಯ ಅಷ್ಟೇನೂ ಕಡಿಮೆಯಾಗುವುದಿಲ್ಲ, ಹೊಡೆತ ಬೀಳುವುದು ತುಂಬಿಕೊಳ್ಳುವ ಸಮಯಕ್ಕೆ. ಬಾಗಿಲು ತೆರೆದಿರುವುದು ಹೆಚ್ಚುಕಡಿಮೆ 30 ಸೆಕೆಂಡಿಗೆ ಇಳಿಯುತ್ತದೆ. ದೊಡ್ಡ ಬಾಗಿಲಿದ್ದವರಿಗೆ ಇದು ಗೊತ್ತೇ ಆಗುವುದಿಲ್ಲ. ಕಿರಿದಾದ ಬಾಗಿಲಿನಲ್ಲಿ ಅಷ್ಟರೊಳಗೆ ರಕ್ತ ದಾಟುವುದಿಲ್ಲ, ಹಿಂದಕ್ಕೆ ಶ್ವಾಸಕೋಶದತ್ತ ಒತ್ತುತ್ತದೆ. ಎರಡನೇ ಮಹಡಿಯಲ್ಲಿ ನಿಮಗೆ ಏದುಸಿರು ಬರುವುದು ಹೀಗೆ. ‘ವಯಸ್ಸಾಯಿತು, ದಪ್ಪಗಾದೆ’ ಎಂದು ನೀವೇ ಕಾರಣ ಕೊಟ್ಟುಕೊಳ್ಳಬೇಡಿ. ಜ್ವರ, ರಕ್ತಹೀನತೆ, ಥೈರಾಯ್ಡ್, ಹೀಗೆ ಬಡಿತ ಏರಿಸುವ ಏನೇ ಬಂದರೂ ನಿಮಗೆ ಬೇರೆಯವರಿಗಿಂತ ಬೇಗ ಉಸಿರು ಹತ್ತುತ್ತದೆ. ಮೆಟೊಪ್ರೊಲಾಲನ್ನು ಒಮ್ಮೆಲೇ ನಿಲ್ಲಿಸಲೂ ಬಾರದು, ಬಡಿತ ಸೇಡು ತೀರಿಸಿಕೊಂಡಂತೆ ಏರುತ್ತದೆ.

ಬಡಿತ ಎಣಿಸಲು ಕಲಿಯಿರಿ. ಐದು ನಿಮಿಷ ಸುಮ್ನೆ ಕೂತು, ಅಂಗೈ ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಮೂರು ಬೆರಳು ಇಡಿ. ಜೋರಾಗಿ ಒತ್ತಬೇಡಿ. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ತಾಳ ಸರಿ ಇರುವವರಿಗೆ ಮಾತ್ರ. ನಿಮ್ಮದು ಎರಡು ಬೇಗ, ಒಂದು ತಡ, ಒಂದು ಸಿಕ್ಕಿತೋ ಇಲ್ಲವೋ ಎನ್ನುವಂತೆ ಇರುತ್ತದೆ. ಬೇಗ ಬಿದ್ದ ಬಡಿತದಲ್ಲಿ ಹೃದಯ ತುಂಬಿರುವುದೇ ಇಲ್ಲ, ಹಿಂಡಿದರೂ ಮಣಿಕಟ್ಟಿನವರೆಗೆ ಬರುವುದಿಲ್ಲ. ಅದಕ್ಕೇ ಕೈಯಲ್ಲಿ 84 ಸಿಕ್ಕಿದರೆ ಎದೆಗೆ ಸ್ಟೆತಸ್ಕೋಪ್ ಇಟ್ಟ ಡಾಕ್ಟರಿಗೆ 100 ಸಿಗಬಹುದು. ಬಿಪಿ ಯಂತ್ರವೂ ಹೀಗೇ ತಬ್ಬಿಬ್ಬಾಗುತ್ತದೆ. ಒಂದು ಸಲದ ಅಂಕಿ ನಂಬಬೇಡಿ, ಮೂರು ಸಲ ನೋಡಿ ಸರಾಸರಿ ಬರೆದಿಡಿ. ಸುಮ್ನೆ ಕೂತಾಗಲೂ 110 ದಾಟುತ್ತಿದ್ದರೆ ಅಥವಾ 50ರ ಕೆಳಗೆ ಇಳಿದು ತಲೆ ಸುತ್ತಿದರೆ ಡಾಕ್ಟರಿಗೆ ತಿಳಿಸಿ. ನಿಮ್ಮಂಥ ವಾಲ್ವ್ ಇರುವವರಿಗೆ 80ರ ಆಸುಪಾಸಿನಲ್ಲಿದ್ದರೆ ನನಗೆ ಸಮಾಧಾನ.

ಈಗ ಹೆಪ್ಪು. ಮೇಲಿನ ಎಡಕೋಣೆಗೆ ಅಂಟಿಕೊಂಡು ಕಿವಿಯ ಆಕಾರದ ಒಂದು ಚಿಕ್ಕ ಚೀಲವಿದೆ. ಕೋಣೆ ಹಿಂಡದೆ ಬರೀ ಅದುರುತ್ತಿದ್ದಾಗ ಆ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಅದರ ಒಂದು ಚೂರು ಕಳಚಿ ಮಿದುಳಿಗೆ ಹೋದರೆ ಲಕ್ವ. ಎಎಫ್ ಒಂದೇ ಇದ್ದರೂ ಈ ಅಪಾಯವಿದೆ. ಜೊತೆಗೆ ಕಿರಿದಾದ ಮೈಟ್ರಲ್ ವಾಲ್ವ್ ಇದ್ದರೆ ಎಷ್ಟೋ ಪಾಲು ಜಾಸ್ತಿ. ಬೇರೆ ಎಎಫ್ ರೋಗಿಗಳಿಗೆ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ ನೋಡಿ ಅಂಕ ಹಾಕಿ, ಹೆಪ್ಪು ಕಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಮಾತ್ರೆ ಬೇಕೋ ಬೇಡವೋ ನಿರ್ಧರಿಸುತ್ತೇವೆ. ನಿಮ್ಮ ವಿಷಯದಲ್ಲಿ ಆ ಲೆಕ್ಕವೇ ಇಲ್ಲ, ಮಾತ್ರೆ ಬೇಕೇ ಬೇಕು.

ಹೊಸ ಮಾತ್ರೆ ಎಂದಿರಿ. ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಗುಂಪಿನವು. ಒಳ್ಳೆಯ ಮಾತ್ರೆಗಳೇ, ಪರೀಕ್ಷೆಯ ಓಡಾಟ ಇಲ್ಲ. ಆದರೆ ನಿಮಗಲ್ಲ. ನಿಮ್ಮಂಥ ರುಮ್ಯಾಟಿಕ್ ಕಾಯಿಲೆಯ ಎಎಫ್ ಇದ್ದವರಲ್ಲೇ ರಿವರಾಕ್ಸಬಾನನ್ನು ವಾರ್ಫರಿನ್ ಗುಂಪಿನ ಮಾತ್ರೆಗೆ ಹೋಲಿಸಿದ ಇನ್ವಿಕ್ಟಸ್ ಎಂಬ ದೊಡ್ಡ ಅಧ್ಯಯನ 2022ರಲ್ಲಿ ಬಂತು. ಹಳೆಯ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಕಡಿಮೆ ಇತ್ತು. ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದ ಇನ್ನೊಂದು ಅಧ್ಯಯನವನ್ನು ಹೆಪ್ಪು, ರಕ್ತಸ್ರಾವ ಎರಡೂ ಜಾಸ್ತಿ ಕಂಡದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಪಕ್ಕದ ಮನೆಯವರಿಗೆ ಎಎಫ್‌ಗೆ ಹೊಸ ಮಾತ್ರೆ ಕೊಟ್ಟಿದ್ದಾರೆ ಎಂದರೆ ಅವರ ವಾಲ್ವ್ ಬೇರೆ, ನಿಮ್ಮದು ಬೇರೆ.

ವಾರ್ಫರಿನ್ ಮೊದಲು ಇಲಿ ಪಾಷಾಣವಾಗಿತ್ತು ಎಂದು ಯಾರಾದರೂ ಹೆದರಿಸಿದರೆ, ನಿಜ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಮುಗ್ಗಿದ ಮೇವು ತಿಂದ ದನಗಳು ರಕ್ತ ನಿಲ್ಲದೆ ಸಾಯತೊಡಗಿದವು. ಆ ಮೇವಿನಲ್ಲಿ ಸಿಕ್ಕ ವಸ್ತುವಿನ ಜಾಡು ಹಿಡಿದು ತಯಾರಾದದ್ದೇ ವಾರ್ಫರಿನ್. 1948ರಲ್ಲಿ ಇಲಿಗಳಿಗೆ, 1954ರಲ್ಲಿ ಮನುಷ್ಯರಿಗೆ. ಪ್ರಮಾಣ ತಪ್ಪಿದರೆ ವಿಷ, ಸರಿ ಇದ್ದರೆ ಔಷಧ. ಆ ಪ್ರಮಾಣ ಕಾಯುವುದಕ್ಕೇ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ರಕ್ತ ಪರೀಕ್ಷೆ. ನಿಮಗೆ ಅದು 2ರಿಂದ 3ರ ಒಳಗಿರಬೇಕು. 1.4 ಬಂದರೆ ‘ಕಡಿಮೆ ಇದೆ, ಒಳ್ಳೆಯದೇ’ ಎಂದು ಖುಷಿಪಡುವವರನ್ನು ನೋಡಿದ್ದೇನೆ. ಅದು ಒಳ್ಳೆಯದಲ್ಲ, ಮಾತ್ರೆ ನುಂಗಿಯೂ ಕಾವಲಿಲ್ಲ ಎಂದರ್ಥ.

ಸೊಪ್ಪು ಬಿಡಬೇಕೇ ಎನ್ನುತ್ತಾರೆ. ಬೇಡ. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಗೆ ಎದುರಾಳಿ, ನಿಜ. ಆದರೆ ತೊಂದರೆ ತಿನ್ನುವುದರಿಂದ ಅಲ್ಲ, ಏರುಪೇರಿನಿಂದ. ಒಂದು ತಿಂಗಳು ಬಿಟ್ಟು ಇನ್ನೊಂದು ತಿಂಗಳು ದಿನಾ ತಿಂದರೆ ಐಎನ್‌ಆರ್ ಜೋಕಾಲಿಯಾಡುತ್ತದೆ. ವಾರ ವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಿ, ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸೋಣ. ಸೊಪ್ಪಿಗಿಂತ ನನಗೆ ಭಯ ನೋವಿನ ಮಾತ್ರೆಗಳದ್ದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಿಮ್ಮ ಮನೆಯಲ್ಲೇ ಇರಬಾರದು, ಹೊಟ್ಟೆಯಲ್ಲಿ ರಕ್ತ ಒಸರಿಸುತ್ತವೆ. ಮೈಕೈ ನೋವಿಗೆ ಎರಡು ದಿನ ಪ್ಯಾರಾಸಿಟಮಾಲ್ ಸಾಕು. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್, ಫ್ಲುಕೊನಜೋಲ್ ಐಎನ್‌ಆರ್ ಅನ್ನು ಸರ್ರನೆ ಏರಿಸುತ್ತವೆ. ಯಾವ ಡಾಕ್ಟರ ಮುಂದೆ ಕೂತರೂ ಮೊದಲ ಮಾತೇ ‘ನಾನು ವಾರ್ಫರಿನ್‌ನಲ್ಲಿದ್ದೇನೆ’ ಎಂದಿರಲಿ. ಹೊಸ ಆ್ಯಂಟಿಬಯೋಟಿಕ್ ಶುರುವಾದರೆ ಮೂರ್ನಾಲ್ಕು ದಿನದಲ್ಲಿ ಒಂದು ಐಎನ್‌ಆರ್ ನೋಡಿಸಿ. ಒಂದು ಹೊತ್ತು ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ. ಮಾರನೇ ದಿನ ನೆನಪಾದರೆ ಬಿಟ್ಟುಬಿಡಿ, ಎರಡು ಸೇರಿಸಿ ನುಂಗಬೇಡಿ.

ನೀವು ಬರೆಯದ ಒಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ಮುಟ್ಟು ಹೇಗಿದೆ? ನಿಮ್ಮ ವಯಸ್ಸಿನಲ್ಲಿ ಅದು ಏರುಪೇರಾಗುವ ಕಾಲ, ಜೊತೆಗೆ ವಾರ್ಫರಿನ್. ಎಂಟು ಹತ್ತು ದಿನ, ಗಡ್ಡೆ ಗಡ್ಡೆಯಾಗಿ ಹೋಗುತ್ತಿದ್ದರೂ ಹೃದಯದ ಡಾಕ್ಟರ ಹತ್ತಿರ ಯಾರೂ ಹೇಳುವುದಿಲ್ಲ, ನಮ್ಮಲ್ಲಿ ಎಷ್ಟೋ ಜನ ಕೇಳುವುದೂ ಇಲ್ಲ. ತಪ್ಪು ಎರಡೂ ಕಡೆ ಇದೆ. ಹಾಗೆ ರಕ್ತ ಹೋಗಿ ಹಿಮೋಗ್ಲೋಬಿನ್ 8ಕ್ಕೋ 9ಕ್ಕೋ ಇಳಿದರೆ ಅದನ್ನು ಸರಿದೂಗಿಸಲು ಬಡಿತ ಏರುತ್ತದೆ. ಮೇಲಿನ ಲೆಕ್ಕ ನೆನಪಿದೆಯಲ್ಲ? ಬಡಿತ ಏರಿತೆಂದರೆ ಬಾಗಿಲಿನ ಸಮಯ ಕಡಿಮೆ, ಏದುಸಿರು ಜಾಸ್ತಿ. ವಾಲ್ವ್ ಕೆಟ್ಟಿತೆಂದು ಎಕೋ ಮೇಲೆ ಎಕೋ ಮಾಡಿಸಿದವರಲ್ಲಿ ಕೊನೆಗೆ ಕಬ್ಬಿಣಾಂಶದ ಕೊರತೆ ಸಿಕ್ಕಿದ್ದನ್ನು ನೋಡಿದ್ದೇನೆ. ಇನ್ನು ಕೆಲವರು ಆ ದಿನಗಳಲ್ಲಿ ಯಾರಿಗೂ ಹೇಳದೆ ವಾರ್ಫರಿನ್ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಐಎನ್‌ಆರ್, ಹಿಮೋಗ್ಲೋಬಿನ್ ಎರಡೂ ನೋಡಿಸಿ, ಸ್ತ್ರೀರೋಗ ತಜ್ಞರನ್ನು ಕಾಣಿ. ವಾರ್ಫರಿನ್ ನಿಲ್ಲಿಸದೆಯೇ ರಕ್ತಸ್ರಾವ ತಗ್ಗಿಸುವ ದಾರಿಗಳಿವೆ. ಮತ್ತೊಂದು ಮಾತು. ಮುಟ್ಟು ಪೂರ್ತಿ ನಿಲ್ಲುವವರೆಗೆ ಗರ್ಭ ನಿಲ್ಲುವ ಸಾಧ್ಯತೆ ಇದ್ದೇ ಇದೆ. ಈ ವಾಲ್ವ್ ಮತ್ತು ವಾರ್ಫರಿನ್ ಎರಡಕ್ಕೂ ಗರ್ಭಧಾರಣೆ ಕಷ್ಟದ ವಿಷಯ, ಅದನ್ನೂ ಅವರ ಹತ್ತಿರವೇ ಮಾತಾಡಿ.

ಆಪರೇಷನ್ ವಿಷಯಕ್ಕೆ ಬರೋಣ. ವಾಲ್ವ್ 1.4, ಜೊತೆಗೆ ಏದುಸಿರು. ಎರಡೂ ಇದ್ದಾಗ ಕಾಯುತ್ತಾ ಕೂರುವುದು ನನಗೆ ಇಷ್ಟವಿಲ್ಲ. ಆದರೆ ಮೊದಲ ಆಯ್ಕೆ ಎದೆ ತೆರೆಯುವುದಲ್ಲ. ತೊಡೆಯ ರಕ್ತನಾಳದಿಂದ ತೆಳುವಾದ ಕೊಳವೆ ಹಾಯಿಸಿ, ಅಂಟಿದ ರೆಕ್ಕೆಗಳ ನಡುವೆ ಬಲೂನ್ ಉಬ್ಬಿಸಿ ಬಿಡಿಸುವ ಚಿಕಿತ್ಸೆ ಇದೆ. 1980ರ ದಶಕದಲ್ಲಿ ಜಪಾನಿನ ಕಾಂಜಿ ಇನೌಎ ಎಂಬ ಶಸ್ತ್ರವೈದ್ಯರು ರೂಪಿಸಿದ ಬಲೂನ್ ಇಂದಿಗೂ ಅವರ ಹೆಸರಲ್ಲೇ ಬಳಕೆಯಲ್ಲಿದೆ. ಎದೆ ಸೀಳುವುದಿಲ್ಲ, ಕೆಲವೇ ದಿನದಲ್ಲಿ ಮನೆ. ಇದಕ್ಕೆ ಮೂರು ವಿಷಯ ನೋಡಬೇಕು. ರೆಕ್ಕೆಗಳು ಮೆತ್ತಗೆ ಇರಬೇಕು, ಸುಣ್ಣ ಕಟ್ಟಿ ಗಟ್ಟಿಯಾಗಿರಬಾರದು. ವಾಲ್ವ್ ಜಾಸ್ತಿ ಸೋರುತ್ತಿರಬಾರದು, ಬಲೂನು ಸೋರಿಕೆಯನ್ನು ಹೆಚ್ಚಿಸಬಲ್ಲದು. ಮೇಲಿನ ಕೋಣೆಯಲ್ಲಿ ಹೆಪ್ಪು ಇರಬಾರದು. ಕೊನೆಯದನ್ನು ಎದೆಯ ಮೇಲಿನಿಂದ ಮಾಡುವ ಎಕೋ ಸರಿಯಾಗಿ ತೋರಿಸುವುದಿಲ್ಲ, ಅನ್ನನಾಳದೊಳಗೆ ಕೊಳವೆ ಇಳಿಸಿ ಮಾಡುವ ಟಿಇಇ ಬೇಕು. ನುಂಗುವಾಗ ಎರಡು ನಿಮಿಷ ಕಿರಿಕಿರಿ, ಅಷ್ಟೆ. ಹೆಪ್ಪು ಕಂಡರೆ ಎರಡು ಮೂರು ತಿಂಗಳು ಐಎನ್‌ಆರ್ ಬಿಗಿಯಾಗಿ ಕಾಪಾಡಿಕೊಂಡು ಮತ್ತೆ ನೋಡುತ್ತೇವೆ. ಈ ಹೊತ್ತಿಗೇ ನಿಮ್ಮ ಐಎನ್‌ಆರ್ ಪುಸ್ತಕ, ಅಂದರೆ ಪ್ರತಿ ಸಲದ ಅಂಕಿ ಬರೆದಿಡುವ ಪುಸ್ತಕ, ಕೆಲಸಕ್ಕೆ ಬರುವುದು.

ಬಲೂನ್ ಆಗದಿದ್ದರೆ ವಾಲ್ವ್ ಬದಲಾಯಿಸಬೇಕು. ಲೋಹದ್ದು ಬಹಳ ಕಾಲ ಬಾಳುತ್ತದೆ, ಆದರೆ ಜೀವನಪೂರ್ತಿ ವಾರ್ಫರಿನ್, ಐಎನ್‌ಆರ್ ಕೂಡ ಇನ್ನೂ ಮೇಲೆ, 2.5ರಿಂದ 3.5ರ ನಡುವೆ. ರಾತ್ರಿ ಕಿವಿಗೆ ಗಡಿಯಾರದಂಥ ಟಿಕ್ ಟಿಕ್ ಕೇಳಿಸುತ್ತದೆ, ಡವಡವಕ್ಕೇ ನಿದ್ದೆಗೆಡುವ ನಿಮಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರಾಣಿಗಳ ಅಂಗಾಂಶದಿಂದ ಮಾಡಿದ್ದು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ. ವಾರ್ಫರಿನ್ ತಪ್ಪಿಸಿಕೊಳ್ಳಬಹುದು ಎಂಬುದು ಅದರ ದೊಡ್ಡ ಆಕರ್ಷಣೆ. ಆದರೆ ನಿಮಗೆ ಎಎಫ್ ಇರುವುದರಿಂದ ರಕ್ತ ತೆಳುವಾಗಿಸುವ ಮಾತ್ರೆ ಹೇಗೂ ಬೇಕು. ಹಾಗಾಗಿ 46ರಲ್ಲಿ ನನ್ನ ಒಲವು ಲೋಹದ ಕಡೆಗೆ. ನಿಮ್ಮ ಸರ್ಜನ್ ಬೇರೆ ಹೇಳಿದರೆ ಕಾರಣ ಕೇಳಿ, ಕಾರಣ ಇದ್ದೇ ಇರುತ್ತದೆ.

ಬಲೂನ್ ಆದ ಮೇಲೆ ತುಂಬಾ ಜನ ವಾರ್ಫರಿನ್ ಬಿಡುತ್ತಾರೆ. ಬಾಗಿಲು ತೆರೆಯಿತು ನಿಜ, ಹಿಗ್ಗಿದ ಕೋಣೆ ಹಿಗ್ಗಿಯೇ ಇರುತ್ತದೆ. ಎಎಫ್ ಹೋಗುತ್ತದೆಂಬ ಭರವಸೆ ಇಲ್ಲ. ಮಾತ್ರೆ ಮುಂದುವರಿಯಲೇಬೇಕು.

ಹಲ್ಲು ಕೀಳಿಸುವಾಗಲೂ ನೀವಾಗಿ ವಾರ್ಫರಿನ್ ನಿಲ್ಲಿಸಬೇಡಿ, ಹಿಂದಿನ ದಿನದ ಐಎನ್‌ಆರ್ ತೋರಿಸಿದರೆ ಬಹುಪಾಲು ಹಾಗೆಯೇ ಕೀಳಬಹುದು. ಹೊಸ ವಾಲ್ವ್ ಹಾಕಿಸಿಕೊಂಡ ಮೇಲಾದರೆ ಅದಕ್ಕೆ ಮುಂಚೆ ಒಂದು ಡೋಸ್ ಆ್ಯಂಟಿಬಯೋಟಿಕ್ ಕಡ್ಡಾಯ. ಕಾರಣ ತಿಳಿಯದ ಜ್ವರ ಒಂದು ವಾರ ಎಳೆದರೆ, ಆ್ಯಂಟಿಬಯೋಟಿಕ್ ನುಂಗುವ ಮೊದಲೇ ರಕ್ತದ ಕಲ್ಚರ್ ಮಾಡಿಸಿ. ವಾಲ್ವಿಗೆ ಸೋಂಕು ತಗುಲಿದ್ದರೆ ಗೊತ್ತಾಗುವುದು ಅದರಿಂದಲೇ. ನಡಿಗೆ ಬಿಡಬೇಡಿ. ಜೊತೆಯವರ ಹತ್ತಿರ ಮಾತಾಡಿಕೊಂಡು ನಡೆಯಲು ಆಗುವಷ್ಟು ವೇಗ ಸರಿ. ಮಾತು ತುಂಡಾದರೆ ನಿಲ್ಲಿ.

ಕೊನೆಗೆ ನಿಮ್ಮ ಮನೆಯವರಿಗೆ. ಅವರು ರಾತ್ರಿ ನಿಮ್ಮ ನಾಡಿ ಹಿಡಿದು ಕೂರುವುದು ಬೇಡ. ಬಾಯಿ ಒಂದು ಕಡೆ ಸೊಟ್ಟಗಾದರೆ, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ, ಐದೇ ನಿಮಿಷದಲ್ಲಿ ಸರಿಹೋದರೂ, ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಒಂದು ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ವಿಪರೀತ ನೋವು ಬಂದರೂ, ಎಚ್ಚರ ತಪ್ಪಿ ಬಿದ್ದರೂ, ಕೆಮ್ಮಿದಾಗ ಗುಲಾಬಿ ಬಣ್ಣದ ನೊರೆ ಬಂದರೂ, ತಲೆಗೆ ಪೆಟ್ಟಾದರೂ, ಮಲ ಡಾಂಬರಿನಂತೆ ಕಪ್ಪಾದರೂ ಅಷ್ಟೇ. ಲಕ್ವದ ಲಕ್ಷಣ ಕಂಡಾಗ ಅವರು ಮೊದಲು ಗಡಿಯಾರ ನೋಡಿ ಸಮಯ ಬರೆದುಕೊಳ್ಳಲಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡುವಂಥದ್ದು. ಐಎನ್‌ಆರ್ 1.7 ದಾಟಿದ್ದರೆ ಅದನ್ನು ಕೊಡುವುದಿಲ್ಲ, ಆಗ ಕೊಳವೆ ಹಾಯಿಸಿ ಹೆಪ್ಪು ತೆಗೆಯಬಹುದೇ ಎಂದು ನೋಡುತ್ತಾರೆ. ಆದ್ದರಿಂದ ಅವರ ಕೈಯಲ್ಲಿ ಇರಬೇಕಾದ್ದು ಎರಡು: ನೀವು ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬ ಚೀಟಿ, ನಿಮ್ಮ ಐಎನ್‌ಆರ್ ಪುಸ್ತಕ. ಆ ಪುಸ್ತಕ ಎಲ್ಲಿಡುತ್ತೀರಿ ಎಂದು ಇವತ್ತೇ ಅವರಿಗೆ ತೋರಿಸಿಡಿ.